ಐರ್ಲೆಂಡಿನಲ್ಲಿ ನಾನು ಹೆಣ್ಣು ಒಪ್ಪಿಸಿದ್ದು

ಆನವಟ್ಟಿ

ಹೊರದೇಶಕ್ಕೆ ಹೋಗಿ ಬಂದವರು ಊರಿನವರ ಮುಂದೆ ಸ್ವಲ್ಪ ಎದೆಯುಬ್ಬಿಸಿ ಮಾತಾಡುವುದುಂಟು. ನನಗೆ ಆ ಭಾಗ್ಯವಿಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಸಿಕ್ಕಿ ‘ಐರ್ಲೆಂಡ್ ಹೆಂಗಿತ್ರೀ ಮೇಷ್ಟ್ರೇ’ ಎಂದು ಕೇಳಿದರೆ, ತುಂಬಾ ಹಸಿರು, ತುಂಬಾ ಚಳಿ ಎಂದಷ್ಟೇ ಹೇಳಿ ಬರುವ ಬಸ್ಸಿನ ಬೋರ್ಡು ಓದತೊಡಗುತ್ತೇನೆ. ಅಲ್ಲಿ ನಾನು ಕಳೆದುಕೊಂಡು ಬಂದ ಮಾನದ ಕಥೆಯನ್ನು ನಿಂತ ಕಾಲಲ್ಲಿ ಹೇಳಲಾಗುವುದಿಲ್ಲ. ಕೂತು ಬರೆದರೆ ಹೇಗೋ ಹೇಳಿಯೇನು.

ಶಿಕಾರಿಪುರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು ನಾನು. ಹಳೆಯ ವಿದ್ಯಾರ್ಥಿಗಳು ನನ್ನನ್ನು ನೆನೆಯುವುದೇ ವಿಶೇಷಣಗಳಿಂದ. ಬಡಕಲಾಗಿರುವವರನ್ನೆಲ್ಲ ‘ಥಿನ್’ ಎಂದು ಬರೆದವರಿಗೆ ನನ್ನಿಂದ ಬೈಗುಳ ತಪ್ಪುತ್ತಿರಲಿಲ್ಲ. ಮೆಚ್ಚಿ ಹೇಳುವಾಗ ‘ಸ್ಲಿಮ್’ ಅನ್ನಬೇಕು, ಮರುಕದಿಂದ ಹೇಳುವಾಗ ‘ಫ್ರೇಲ್’ ಅನ್ನಬೇಕು, ಹಂಗಿಸಿ ಹೇಳುವಾಗ ‘ಸ್ಕಿನ್ನಿ’. ಮೈ ಒಂದೇ, ನೋಡುವವನ ಮನಸ್ಸು ಬೇರೆ ಎಂದು ಅರ್ಧ ಗಂಟೆ ಕೊರೆಯುತ್ತಿದ್ದೆ. ಇಷ್ಟು ತಿಳಿದವನೇ ಹೋಗಿ ಹಳ್ಳಕ್ಕೆ ಬಿದ್ದೆ.

ನಮ್ಮ ಬಳಗದಲ್ಲಿ ನನಗೆ ಇನ್ನೊಂದು ಹುದ್ದೆಯೂ ಇದೆ. ಮದುವೆಯಲ್ಲಿ ಹೆಣ್ಣು ಒಪ್ಪಿಸುವಾಗ, ಹುಡುಗಿಯ ಕೈಯನ್ನು ಅತ್ತೆಯ ಕೈಯಲ್ಲಿಟ್ಟು, ಹೆಣ್ಣಿನ ಕಡೆಯ ಹಿರಿಯನೊಬ್ಬ ನಾಲ್ಕು ಮಾತು ಆಡಬೇಕು. ನಮ್ಮ ಹುಡುಗಿ ಏನೂ ಅರಿಯದವಳು. ಮುದ್ದಿನಿಂದ ಬೆಳೆದು ಹಟ ಕಲಿತಿದ್ದಾಳೆ. ಕೆಲಸ ಬೊಗಸೆ ಅಷ್ಟಕ್ಕಷ್ಟೆ. ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೀಗೆ ಹೇಳಿದ ಕೂಡಲೇ ಗಂಡಿನ ಕಡೆಯವರು, ಛೆ ಛೆ, ನಮ್ಮನೆಗೆ ಲಕ್ಷ್ಮಿ ಬಂದ ಹಾಗೆ ಬಂದಿದ್ದಾಳೆ ಅನ್ನುತ್ತಾರೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಈ ಮಾತನ್ನು ನಾನು ಚೆನ್ನಾಗಿ ಆಡುತ್ತೇನೆಂದು ಹೆಸರು. ಬಳಗದ ಹೊರಗಿನವರೂ ಕರೆಸಿಕೊಂಡಿದ್ದಾರೆ.

ತಂಗಿ ಗಿರಿಜಾಳನ್ನು ಕೊಟ್ಟಿದ್ದು ಕುಬಟೂರಿಗೆ. ಅವಳ ಎರಡನೇ ಮಗಳು ಶೈಲಾ ಪಿಯುಸಿ ಓದಿದ್ದು ನಮ್ಮನೆಯಲ್ಲಿದ್ದುಕೊಂಡು. ನರ್ಸಿಂಗ್ ಮುಗಿಸಿ ಐರ್ಲೆಂಡಿಗೆ ಹೋದಳು. ಅಲ್ಲಿ ತಾನು ಕೆಲಸಕ್ಕಿದ್ದ ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆಯುವ ಕೀರನ್ ಎಂಬ ಹುಡುಗನನ್ನು ಮೆಚ್ಚಿದಳು. ಮನೆಯಲ್ಲಿ ಸ್ವಲ್ಪ ದಿನ ಮಾತು ನಿಂತು, ಆಮೇಲೆ ಎಲ್ಲರೂ ಒಪ್ಪಿ, ಮದುವೆ ಬರುವ ಮಾಘದಲ್ಲಿ ಕುಬಟೂರಿನಲ್ಲೇ ಎಂದಾಯಿತು. ಆದರೆ ಹುಡುಗನ ತಾಯಿ ನೋರಾ ಅವರಿಗೆ ಸೊಂಟದ ಆಪರೇಷನ್ ಆಗಿತ್ತು. ಅಷ್ಟು ದೂರ ವಿಮಾನದಲ್ಲಿ ಕೂರುವ ಹಾಗಿರಲಿಲ್ಲ. ಮದುವೆಗೆ ಅವರ ತಂಗಿ, ತಂಗಿಯ ಗಂಡ ಬರುವುದೆಂದೂ, ಅದಕ್ಕೆ ಮುಂಚೆ ಹೆಣ್ಣಿನ ಕಡೆಯವರು ಒಮ್ಮೆ ತಮ್ಮನೆಗೆ ಬಂದು ಹೋಗಬೇಕೆಂದೂ ಹೇಳಿ ಕಳಿಸಿದ್ದರು.

ಅದು ಶುಂಠಿ ನಾಟಿಯ ಕಾಲ. ಶೈಲಾಳ ಅಪ್ಪ ಹೊಲ ಬಿಟ್ಟು ಬರುವಂತಿರಲಿಲ್ಲ. ನನ್ನನ್ನೂ ಗಿರಿಜಾಳನ್ನೂ ಆನವಟ್ಟಿಯಲ್ಲಿ ಬಸ್ಸು ಹತ್ತಿಸಿ, ಕಿಟಕಿಯ ಹತ್ತಿರ ಬಂದು ಹೇಳಿದರು:

“ಭಾವ, ನಂಗೂ ಇಂಗ್ಲಿಷ್ ಬರದಿಲ್ಲ, ಇವ್ಳಿಗೂ ಬರದಿಲ್ಲ. ಬೀಗಿತ್ತಿ ಮದ್ವೆಗೆ ಬರದಿಲ್ಲ ಅಂದ್ಮೇಲೆ, ಒಪ್ಪಿಸೋ ಮಾತು ಅಲ್ಲೇ ಆಗ್ಬೇಕು. ನೀವೇ ಆಡಿ ಬನ್ನಿ.”

ಆಕಾಶದಲ್ಲಿ

ಗಿರಿಜಾ ವಿಮಾನದ ಕಿಟಕಿಯ ಕಡೆ ನೋಡಲೇ ಇಲ್ಲ. ರೊಟ್ಟಿ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆಲ್ಟು ಬಿಚ್ಚಲು ಒಪ್ಪದೆ ಕೂತಿದ್ದಳು. ನಾನು ಪಕ್ಕದಲ್ಲಿ ಶಬ್ದಗಳನ್ನು ಆರಿಸುತ್ತಿದ್ದೆ.

‘ಏನೂ ಅರಿಯದವಳು’ ಅನ್ನುವುದಕ್ಕೆ ಏನು ಹೇಳುವುದು? ‘ಇನೊಸೆಂಟ್’ ಅಂದರೆ ಮುಗ್ಧೆ, ಅದು ಹೊಗಳಿಕೆಯಾಯಿತು. ‘ಸಿಂಪಲ್’ ಅನ್ನುವುದು ನಮ್ಮಲ್ಲಿ ದೊಡ್ಡ ಗುಣ, ಅವರಲ್ಲಿ ಒಂದೊಂದು ಸಲ ಪೆದ್ದು. ‘ಇಗ್ನರೆಂಟ್’ ಅಂದರೆ ನೇರವಾಗಿ ತಿಳಿಯದವಳು. ಅದೇ ಇರಲಿ ಎಂದುಕೊಂಡೆ. ಹಟಕ್ಕೆ ‘ಫರ್ಮ್’ ಇತ್ತು, ಆದರೆ ಅದರಲ್ಲಿ ಮೆಚ್ಚುಗೆ ಇಣುಕುತ್ತದೆ. ‘ಆಬ್‌ಸ್ಟಿನೇಟ್’ ಎಂದು ಗೊತ್ತುಮಾಡಿದೆ. ಮುದ್ದಿಗೆ ‘ಸ್ಪಾಯಿಲ್ಟ್’. ಕೈಕೆಲಸ ಬಾರದ್ದಕ್ಕೆ ‘ಕ್ಲಮ್ಸಿ’. ಒಪ್ಪಿಸುವ ಮಾತಿನಲ್ಲಿ ನಮ್ಮ ಹುಡುಗಿಯನ್ನು ನಾವೇ ಹೊಗಳಿದರೆ ಹಮ್ಮು ಅನ್ನಿಸಿಕೊಳ್ಳುತ್ತದೆ. ಹಾಗಾಗಿ ಒಂದೊಂದು ಗುಂಪಿನಲ್ಲೂ ಹುಡುಕಿ ಹುಡುಕಿ ಕೆಳಗಿನ ಮೆಟ್ಟಿಲಿನ ಶಬ್ದವನ್ನೇ ಎತ್ತಿಕೊಂಡೆ. ಅಷ್ಟು ಶ್ರದ್ಧೆಯಿಂದ ನಾನು ಬಿ.ಎ. ಪರೀಕ್ಷೆಗೂ ಓದಿರಲಿಲ್ಲ.

“ಎಂತ ಅಣ್ಣ, ಮಂತ್ರ ಹೇಳ್ಕಳ್ತಾ ಇದೀಯನ?” ಎಂದು ಗಿರಿಜಾ ಕೇಳಿದಳು.

“ನಿನ್ನ ಮಗಳನ್ನು ಒಪ್ಪಿಸೋ ಮಾತು,” ಎಂದೆ. ಅವಳಿಗೆ ಆಗಲೇ ಕಣ್ಣು ತುಂಬಿ ಬಂತು.

ಕಡಲ ಪಕ್ಕದ ಊರು

ಅದು ಐರ್ಲೆಂಡಿನ ಪಶ್ಚಿಮದ ಒಂದು ಸಣ್ಣ ಊರು. ಸೊರಬಕ್ಕಿಂತ ಚಿಕ್ಕದು. ಬಸ್ಸಿಳಿಯುವ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನಮ್ಮ ಶಿರಾಳಕೊಪ್ಪದ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರ್, ಇವನೇನೋ ಚೀಲ ಮರೆತ ಎಂದು ತಿರುಗಿ ನೋಡಿಯಾನು. ದಾರಿಯಲ್ಲಿ ಸಿಕ್ಕವರು ‘ಹೇಗಿದ್ದೀರಿ’ ಎಂದು ಕೇಳುತ್ತಾರೆ, ಆದರೆ ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಲ ದಿನ ನಾನು ಒಬ್ಬರಿಗೆ ನನ್ನ ಮೊಣಕಾಲಿನ ವಿಚಾರ ಹೇಳತೊಡಗಿದೆ. ಪಾಪ, ಅವರು ಮಳೆಯಲ್ಲಿ ನಿಂತು ಪೂರ್ತಿ ಕೇಳಿದರು. ಶೈಲಾ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು.

ಅಲ್ಲಿ ಮೇ ತಿಂಗಳಲ್ಲಿ ರಾತ್ರಿ ಊಟ ಮುಗಿದರೂ ಬೆಳಕಿರುತ್ತದೆ. ಗಿರಿಜಾಳಿಗೆ ದೀಪ ಹಚ್ಚುವ ಹೊತ್ತು ಯಾವುದೆಂದೇ ತಿಳಿಯಲಿಲ್ಲ. “ಊಟ ಆಗಿ ದೀಪ ಹಚ್ಚದಾ, ದೀಪ ಹಚ್ಚಿ ಊಟ ಮಾಡದಾ, ನೀನೇ ಹೇಳು,” ಎಂದು ನನ್ನ ಜೀವ ತಿಂದಳು. ಕೊನೆಗೆ ಕುಬಟೂರಿನ ಹೊತ್ತಿಗೆ ಸರಿಯಾಗಿ, ಐರ್ಲೆಂಡಿನ ಮಟಮಟ ಮಧ್ಯಾಹ್ನದಲ್ಲಿ ಹಚ್ಚಿದಳು.

ನೋರಾ ಅವರು ಶಾಲೆಯೊಂದರಲ್ಲಿ ಅಡುಗೆಯ ಉಸ್ತುವಾರಿ ನೋಡಿಕೊಂಡಿದ್ದವರು. ಎತ್ತರದ ಆಳು, ಊರುಗೋಲು, ದೊಡ್ಡ ನಗು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ. ನಮ್ಮನ್ನು ಬಾಗಿಲಲ್ಲಿ ಎದುರುಗೊಂಡವರೇ, ಇದು ಮನೆಯಲ್ಲ ಕೊಟ್ಟಿಗೆ, ಬೇಸರ ಮಾಡಿಕೊಳ್ಳಬೇಡಿ ಎಂದರು. ಮನೆಯೋ ಕನ್ನಡಿಯಂತಿತ್ತು. ಮಗ ಚಹಾ ತಂದುಕೊಟ್ಟರೆ, ಇವನು ಯಾವ ಕೆಲಸಕ್ಕೂ ಬಾರದವನು, ನಿಮ್ಮ ಹುಡುಗಿ ಎಲ್ಲಿ ಸಿಕ್ಕಿಬಿದ್ದಳೋ ಎಂದರು. ಕೀರನ್, ಹೌದಮ್ಮ, ಎಲ್ಲ ನಿನ್ನ ಹಾಗೇ ಎಂದು ನಕ್ಕ.

ನನಗೆ ಪರಮಾನಂದವಾಯಿತು. ಇವರೂ ನಮ್ಮವರ ಹಾಗೆಯೇ, ತಮ್ಮದನ್ನು ಕಡಿಮೆ ಮಾಡಿ ಹೇಳುವವರು. ನನ್ನ ಮಾತು ಇವರಿಗೆ ಸರಿಯಾಗಿ ತಲುಪುತ್ತದೆ ಎಂದುಕೊಂಡೆ. ಮಗನನ್ನು ಆಕೆ ಅವನೆದುರಿಗೇ ಚುಡಾಯಿಸಿದ್ದು, ಅವನು ತಿರುಗಿ ಉತ್ತರ ಕೊಟ್ಟಿದ್ದು, ಇದು ನನ್ನ ತಲೆಗೆ ಹೋಗಲೇ ಇಲ್ಲ.

ಭಾನುವಾರದ ಊಟ

ನೋರಾ ಅವರ ತಂಗಿಯೂ ಆಕೆಯ ಗಂಡನೂ ಬಂದಿದ್ದರು. ನಮಗಾಗಿ ಆಲೂಗಡ್ಡೆಯನ್ನೇ ಹತ್ತಾರು ವೇಷದಲ್ಲಿ ಬಡಿಸಿದರು. ಗಿರಿಜಾ ತಂದಿದ್ದ ಚಟ್ನಿಪುಡಿಯನ್ನು ಕೀರನ್ ಎಲ್ಲದರ ಮೇಲೂ ಉದುರಿಸಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತಾ ತಿಂದ. ಊಟ ಮುಗಿಯುವ ಹೊತ್ತಿಗೆ ನಾನು ಎದ್ದು ನಿಂತೆ. ಗಿರಿಜಾ ಎದ್ದು, ಶೈಲಾಳ ಕೈ ಹಿಡಿದು ನೋರಾ ಅವರ ಕೈಯಲ್ಲಿಟ್ಟಳು. ನೋರಾ ಅವರಿಗೆ ಏನೆಂದು ತಿಳಿಯದಿದ್ದರೂ ಪ್ರೀತಿಯಿಂದ ಹಿಡಿದುಕೊಂಡರು.

ನಾನು ಮಾತು ಶುರು ಮಾಡಿದೆ. ಗಂಟಲು ಸರಿಯಾಗಿತ್ತು, ಉಚ್ಚಾರ ಸ್ಪಷ್ಟವಾಗಿತ್ತು. ನಮ್ಮ ಹುಡುಗಿ ‘ಇಗ್ನರೆಂಟ್’ ಎಂದೆ. ‘ಸ್ಪಾಯಿಲ್ಟ್’ ಎಂದೆ, ‘ಆಬ್‌ಸ್ಟಿನೇಟ್’ ಎಂದೆ. ಕೈಕೆಲಸದಲ್ಲಿ ‘ಕ್ಲಮ್ಸಿ’ ಎಂದೆ. ಇನ್ನು ಇವಳ ತಪ್ಪುಗಳನ್ನೆಲ್ಲ ನೀವು ಸಹಿಸಿಕೊಳ್ಳಬೇಕು ಎಂದು ಮುಗಿಸಿ ಕೈಮುಗಿದೆ.

ನೋರಾ ಅವರ ತಂಗಿ ತಟ್ಟೆ ನೋಡುತ್ತಿದ್ದರು. ಶೈಲಾ ತಲೆ ತಗ್ಗಿಸಿದ್ದಳು. ನಮ್ಮಲ್ಲಿ ಈ ಘಟ್ಟದಲ್ಲಿ ಒಂದು ಗಳಿಗೆ ಹೀಗೇ ಮೌನ ಕವಿಯುತ್ತದೆ. ಮಾತು ನಾಟಿದೆ ಎಂದು ನಾನು ಕೂತೆ. ಇನ್ನು ಗಂಡಿನ ಕಡೆಯ ‘ಛೆ ಛೆ’ ಬರಬೇಕು ಎಂದು ಕಾದೆ.

ನೋರಾ ಅವರು ನಿಧಾನವಾಗಿ ಹೇಳಿದರು: “ನೀವು ಬೇರೆ ಯಾರದ್ದೋ ವಿಷಯ ಹೇಳುತ್ತಿದ್ದೀರಿ ಅನ್ನಿಸುತ್ತದೆ. ಆಪರೇಷನ್ ಆದ ಮೇಲೆ ನನ್ನನ್ನು ಮೊದಲ ಸಲ ಎಬ್ಬಿಸಿ ನಡೆಸಿದವಳು ಈ ಹುಡುಗಿ.”

ಶೈಲಾ ಕೈ ಬಿಡಿಸಿಕೊಂಡು, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಕೀರನ್ ನನ್ನ ಮುಖ ನೋಡಿ, ಅವಳ ಹಿಂದೆ ಹೋದ. ಚಟ್ನಿಪುಡಿಗೆ ನೀರಾಡಿದ್ದ ಆ ಕಣ್ಣಲ್ಲಿ ಈಗ ನಗುವಿರಲಿಲ್ಲ.

“ಎಲ್ಲಾ ಹೇಳ್ದೆಯನ ಅಣ್ಣ?” ಎಂದು ಗಿರಿಜಾ ಪಿಸುಗುಟ್ಟಿದಳು.

“ಹೇಳ್ದೆ.”

“ಮತ್ತೆ ಇವ್ರೆಂತಕ್ಕೆ ಲಕ್ಷ್ಮಿ ಅನ್ಲಿಲ್ಲ?”

ನನಗೆ ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ನಾನು ಆಡಿದ ನಾಲ್ಕು ಶಬ್ದಗಳು ಆ ಮೇಜಿನ ಮೇಲೆ ಹಾಗೇ ಇದ್ದವು, ಯಾರೂ ಮುಟ್ಟದ ಊಟದ ಹಾಗೆ. ಜನರ ಪ್ರಾಣ ನೋಡಿಕೊಳ್ಳುವ ನರ್ಸನ್ನು, ಅವಳದೇ ಆಸ್ಪತ್ರೆಯ ಹುಡುಗನ ಮನೆಯಲ್ಲಿ, ತಿಳಿವಳಿಕೆ ಇಲ್ಲದವಳು, ಕೈ ನೆಟ್ಟಗಿಲ್ಲದವಳು ಎಂದು ಅವಳ ಸೋದರಮಾವ ಎದ್ದು ನಿಂತು ಹೇಳಿದ್ದ. ಎಲ್ಲವೂ ಶುದ್ಧ ಇಂಗ್ಲಿಷಿನಲ್ಲಿ.

ಕಡಲ ದಂಡೆ

ಮಾರನೇ ದಿನ ಶೈಲಾ ನನ್ನೊಬ್ಬನನ್ನೇ ಕಾರಿನಲ್ಲಿ ಕಡಲ ದಂಡೆಗೆ ಕರೆದೊಯ್ದಳು. ಗಾಳಿಗೆ ಬಾಗಿಲು ತೆಗೆಯಲಾಗದೆ ಒಳಗೇ ಕೂತೆವು. ನಾನೇ ಮೊದಲು ಬಾಯಿ ತೆರೆದೆ.

“ಶಬ್ದ ಆರಿಸಿದ್ದು ತಪ್ಪಾಯ್ತು ಕಣಮ್ಮ. ‘ಇಗ್ನರೆಂಟ್’ ಬದಲು ‘ಇನೊಸೆಂಟ್’ ಅನ್ನಬೇಕಿತ್ತು. ‘ಕ್ಲಮ್ಸಿ’ ಅಂತೂ…”

“ಶಬ್ದ ಸರಿಯಾಗೇ ಆರ್ಸಿದ್ರಿ ಮಾವ,” ಅಂದಳು. “ಅದ್ಕೇ ನಂಗೆ ಅರ್ಥ ಆಗಿದ್ದು. ಶೋಭಕ್ಕನ ಮದ್ವೇಲಿ ನೀವು ಇದೇ ಮಾತು ಆಡಿದಾಗ ನಾನೂ ಅತ್ತಿದ್ದೆ. ಎಷ್ಟು ಚೆಂದ ಮಾತಾಡ್ತಾರೆ ನಮ್ಮಾವ ಅಂತ. ನಿನ್ನೆ ಇಂಗ್ಲಿಷಲ್ಲಿ ಕೇಳ್ದಾಗ ಗೊತ್ತಾಯ್ತು, ನಾವು ಆವತ್ತು ಎಂತ ಕೇಳಿಸ್ಕಂಡು ಅತ್ವಿ ಅಂತ.”

“ಅದು ಶಾಸ್ತ್ರದ ಮಾತು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳೋದಿಲ್ಲ.”

“ಅಕ್ಕನ ಅತ್ತೆ ಹಚ್ಕಂಡಿದಾರೆ.”

ಶೋಭಾ ಇವಳ ಅಕ್ಕ, ಶಿಕಾರಿಪುರದ ಹತ್ತಿರದ ಹಳ್ಳಿಗೆ ಮದುವೆಯಾದವಳು. ಸಾರು ಸ್ವಲ್ಪ ಉಪ್ಪಾದರೆ, ಕರು ಹಗ್ಗ ಕಳಚಿಕೊಂಡರೆ, ಮಗು ಜಾರಿ ಬಿದ್ದರೆ ಅವಳ ಅತ್ತೆಗೆ ಒಂದೇ ಮಾತಂತೆ: ‘ನಿಮ್ಮಾವನೇ ಮೈಕಿನಾಗ ಹೇಳಿದ್ರಲ್ಲ, ಏನೂ ಬರದಿಲ್ಲ ಅಂತ. ನಾವು ಹೇಳಿದ್ದೇನೈತಿ.’ ಮದುವೆಯಾದಾಗಿನಿಂದ ಇವತ್ತಿನವರೆಗೂ. ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಹೋಳಿಗೆ ತಿಂದಿದ್ದೇನೆ. ಶೋಭಾ ಬಡಿಸುವಾಗ ಮಾತಾಡದೆ ಇರುತ್ತಿದ್ದುದನ್ನು ಕಂಡು, ಹುಡುಗಿ ಎಷ್ಟು ಗಂಭೀರಳಾದಳು ಎಂದು ಮೆಚ್ಚಿಕೊಂಡು ಮನೆಗೆ ಬಂದಿದ್ದೇನೆ.

“ನಂಗೆ ಯಾಕೆ ಹೇಳಲಿಲ್ಲ ಅವಳು?”

“ನಿಮಗೆ ಹೆಂಗೆ ಹೇಳ್ತಾಳೆ ಮಾವ.”

ಶೈಲಾ ಮುಂದಿನ ಗಾಜಿಗೆ ಹಿಡಿದಿದ್ದ ಹಬೆಯನ್ನು ಒರೆಸಿದಳು. ಆಮೇಲೆ ಅವಳು ಹೇಳಿದಳು: “ಮದ್ವೆ ಕುಬಟೂರಲ್ಲೇ ಆಗ್ಲಿ. ಅಮ್ಮ ಹೇಳಿದ ಎಲ್ಲಾ ಶಾಸ್ತ್ರನೂ ಆಗ್ಲಿ. ಒಪ್ಪಿಸೋ ಮಾತು ಮಾತ್ರ ನೀವು ಆಡೋದು ಬೇಡ. ಆಡ್ತೀರಿ ಅಂದ್ರೆ ನಾನು ಬರದೇ ಇಲ್ಲ, ಇಲ್ಲೇ ರಿಜಿಸ್ಟರ್ ಮಾಡ್ಕಳ್ತೀನಿ. ಅಮ್ಮಂಗೆ ಏನೂ ಹೇಳ್ಬೇಡಿ. ಅವ್ಳಿಗೆ ನೀವಂದ್ರೆ ದೇವ್ರು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ರೋಗಿಗೆ ಇಂಥದ್ದು ತಿನ್ನಬೇಡಿ ಎಂದು ಹೇಳುವ ದನಿ ಅದು. ಆಗಲಿ ಎಂದೆ.

ನೋರಾ ಅವರ ಅಡುಗೆಮನೆ

ನೋರಾ ಅವರ ಮುಂದೆಯೂ ಹೋಗಿ ನಿಲ್ಲಬೇಕಾಗಿತ್ತು. ಆಕೆ ಕುರ್ಚಿಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದರು. ನಾನೂ ಒಂದು ಚಾಕು ತೆಗೆದುಕೊಂಡು ಕೂತೆ. ಕೆಲಸ ಮಾಡುತ್ತಾ ಕ್ಷಮೆ ಕೇಳುವುದು ಸ್ವಲ್ಪ ಸಲೀಸು. ಇದು ನಮ್ಮ ಕಡೆಯ ಪದ್ಧತಿ, ಹುಡುಗಿಯನ್ನು ಕಂಡರಾಗದೆ ಹೇಳಿದ್ದಲ್ಲ, ಮದುವೆ ಮುರಿಯಲೆಂದೂ ಹೇಳಿದ್ದಲ್ಲ ಎಂದೆ.

“ಹಾಗೆ ಹೇಳಿದಾಗ ಗಂಡಿನ ಕಡೆಯವರು ಏನು ಹೇಳಬೇಕು?” ಎಂದು ಕೇಳಿದರು.

ಛೆ ಛೆ, ನಮ್ಮ ಮನೆಯ ಲಕ್ಷ್ಮಿ ಅನ್ನಬೇಕು ಎಂದೆ. ಲಕ್ಷ್ಮಿ ಯಾರೆಂದೂ ವಿವರಿಸಿದೆ.

“ಹಾಗಾದರೆ ನನ್ನ ಪಾಲಿನ ಮಾತನ್ನು ನನಗೆ ಯಾರೂ ಮುಂಚೆ ಹೇಳಿಕೊಡಲಿಲ್ಲವಲ್ಲ,” ಎಂದು ನಕ್ಕರು. ಆ ನಗು ನನ್ನ ಮೇಲೆ ಮಾಡಿದ ದಯೆ. ಸ್ವಲ್ಪ ಹೊತ್ತು ಸುಲಿದು ಮತ್ತೆ ಕೇಳಿದರು: “ಅವರು ಹಾಗೆ ಹೇಳದೇ ಹೋದರೆ? ಅಥವಾ ಆ ದಿನ ಹೇಳಿ, ಆಮೇಲೆ ಮರೆತರೆ?”

ಕಡಲ ದಂಡೆಗೆ ಹೋಗುವ ಮುಂಚೆ ಕೇಳಿದ್ದರೆ, ಹಾಗೆಲ್ಲ ಆಗುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಈಗ ಇನ್ನೊಂದು ಆಲೂಗಡ್ಡೆ ಎತ್ತಿಕೊಂಡೆ. ನಾನು ಸುಲಿದದ್ದರಲ್ಲಿ ಗೆಡ್ಡೆಗಿಂತ ಸಿಪ್ಪೆಯೇ ದಪ್ಪವಿತ್ತು. ಅದನ್ನು ನೋಡಿಯೂ ಆಕೆ ನನ್ನನ್ನು ‘ಕ್ಲಮ್ಸಿ’ ಅನ್ನಲಿಲ್ಲ.

ಹೊರಡುವ ಹಿಂದಿನ ದಿನ

ಸಂಜೆ ಚಹಾಕ್ಕೆ ಎಲ್ಲರೂ ಸೇರಿದ್ದೆವು. ನೋರಾ ಅವರು ನನ್ನನ್ನು ಬಿಟ್ಟು ಗಿರಿಜಾಳ ಕಡೆ ತಿರುಗಿ, ಶೈಲಾ ಚಿಕ್ಕವಳಿದ್ದಾಗಿನ ಏನಾದರೂ ಒಂದು ಸಂಗತಿ ಹೇಳಿ ಎಂದರು. ನಾನು ಅದನ್ನು ತಂಗಿಗೆ ಕನ್ನಡದಲ್ಲಿ ಹೇಳಿದೆ. ಅವಳು ಹೇಳಿದ್ದನ್ನು ತುಂಡು ತುಂಡಾಗಿ ಇಂಗ್ಲಿಷಿಗೆ ಮಾಡಿದೆ. ಈ ಸಲ ನನ್ನದು ಒಂದು ಶಬ್ದವನ್ನೂ ಸೇರಿಸಲಿಲ್ಲ.

“ಇವ್ಳು ನಾಕ್ನೇ ಕ್ಲಾಸಲ್ಲಿದ್ಲು. ಸಂತೆಗೆ ಹೋದಾಗ ಬಸ್ಸಿನ ಮೆಟ್ಲಿಂದ ಜಾರಿ ಗದ್ದ ಒಡ್ಕಂಡ್ಲು. ಆನವಟ್ಟಿ ಆಸ್ಪತ್ರೇಲಿ ಹೊಲಿಗೆ ಹಾಕದು ಅಂದ್ರು. ಸೂಜಿ ನೋಡಿದ್ದೇ ನಂಗೆ ತಲೆ ತಿರ್ಗಿ ನಾನೇ ಬಿದ್ದೋದೆ. ನಂಗೆ ಎಚ್ರ ಆಗದ್ರಾಗೆ ಇವ್ಳಿಗೆ ಹೊಲಿಗೆ ಆಗಿತ್ತು. ಇವ್ಳು ನಂಗೆ ನೀರು ಹೊಡೀತಾ ಕೂತಿದ್ಲು. ಅಮ್ಮ, ಮೊದ್ಲು ಮಜ್ಜಿಗೆ ಕುಡಿ, ಆಮೇಲೆ ಮನೆಗೆ ಹೋಪನ ಅಂದ್ಲು.”

ನೋರಾ ಅವರು ಊರುಗೋಲು ನೆಲಕ್ಕೆ ಕುಟ್ಟಿ ನಕ್ಕರು. ಕೀರನ್ ಶೈಲಾಳ ಗದ್ದದ ಕೆಳಗಿನ ಕಲೆಯನ್ನು ಬಗ್ಗಿ ನೋಡಿದ. ಗಿರಿಜಾ ಮಗಳನ್ನು ನೋಡುತ್ತಾ ಹೇಳಿದಳು: “ಸಣ್ಣೋಳಿಂದ್ಲೂ ಇವ್ಳು ಗಟ್ಟಿ.”

ಎಲ್ಲರೂ ನನ್ನ ಬಾಯಿ ನೋಡಿದರು. ಗಟ್ಟಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಮಾತುಗಳಿವೆ ಎಂದು ನನಗೆ ಗೊತ್ತು. ಯಾವುದು ಎಲ್ಲಿ ಸಲ್ಲುತ್ತದೆಂದೂ ಗೊತ್ತು. ಆದರೂ ಶೈಲಾಳ ಕಡೆ ತಿರುಗಿ, “ಯಾವುದು ಹೇಳಲಿ? ‘ಸ್ಟ್ರಾಂಗ್’ ಅನ್ನಲಾ?” ಎಂದು ಕೇಳಿದೆ. ಒಬ್ಬ ಹುಡುಗಿಯ ವಿಷಯದಲ್ಲಿ ಯಾವ ಶಬ್ದ ಆಡಬೇಕೆಂದು ಆ ಹುಡುಗಿಯನ್ನೇ ಕೇಳಿದ್ದು ಅದೇ ಮೊದಲು.

“ಬೇಡ. ‘ಹಾರ್ಡ್’ ಅನ್ನಿ.”

“ಅದು ಕಲ್ಲಿಗೆ ಹೇಳೋ ಮಾತಮ್ಮ. ‘ಬ್ರೇವ್’ ಇದೆ, ‘ಟಫ್’ ಇದೆ…”

“ಅವೆಲ್ಲ ಮೆಚ್ಚಿಗೆಗೆ ಆಡೋ ಮಾತು ಮಾವ. ನಾನು ಹಾರ್ಡೇ. ಆಗ್ದಿದ್ರೆ ನಾನೂ ಅಕ್ಕನ ಥರ ಬಾಯಿ ಮುಚ್ಕಂಡು ಬಡಿಸ್ತಾ ಇರ್ತಿದ್ದೆ,” ಎಂದು ನನಗಷ್ಟೇ ಕೇಳುವ ಹಾಗೆ ಅಂದಳು.

ನಾನು ನೋರಾ ಅವರ ಕಡೆ ತಿರುಗಿ, ಚಿಕ್ಕಂದಿನಿಂದಲೂ ಇವಳು ‘ಹಾರ್ಡ್’ ಎಂದು ಅವಳ ತಾಯಿ ಹೇಳುತ್ತಿದ್ದಾಳೆ ಎಂದೆ. ನೋರಾ ಅವರು ನನ್ನನ್ನೊಮ್ಮೆ, ಶೈಲಾಳನ್ನೊಮ್ಮೆ ನೋಡಿ ತಲೆಯಾಡಿಸಿದರು. ಈ ಸಲ ಅವರು ಬೇರೆ ಯಾರದ್ದೋ ವಿಷಯ ಅನ್ನಲಿಲ್ಲ.

ಗಿರಿಜಾಳಿಗೆ ಖುಷಿಯಾಗಿತ್ತು. ತನ್ನ ಮಾತು ಬೀಗಿತ್ತಿಗೆ ಮುಟ್ಟಿತಲ್ಲ ಎಂದು ಮುಖ ಅರಳಿತ್ತು.

“ಮಾತಿಗೆ ನೀನೇ ಆಗ್ಬೇಕು ಅಣ್ಣ,” ಅಂದಳು. “ಮದ್ವೆ ದಿನ ಇವ್ರ ತಂಗಿ ಬರ್ತಾರಲ, ಆವಾಗ್ಲೂ ಒಪ್ಪಿಸೋ ಮಾತು ನೀನೇ ಆಡು.”

ಶೈಲಾ ಚಹಾದ ಲೋಟ ಕೆಳಗಿಟ್ಟು ನನ್ನನ್ನು ನೋಡಿದಳು.

“ಬೇಡ ಗಿರಿಜಾ,” ಎಂದೆ. “ಇನ್ನು ಮೇಲೆ ಬೇಡ. ನನಗೆ ಮಾತಾಡೋದಕ್ಕೆ ಬರೋದಿಲ್ಲ.”

“ಸಾಕು ಸುಮ್ನಿರು,” ಎಂದು ತಂಗಿ ನಕ್ಕಳು. “ನೀನೊಬ್ಬ, ಯಾವಾಗ್ಲೂ ನಿನ್ನ ನೀನೇ ಸಣ್ಣ ಮಾಡ್ಕಂಡು ಹೇಳ್ತೀಯ.”